ಹೊಣೆಗೆ ನಿಂತವಳು

ಮಗಳ ಎದೆಯಲ್ಲಿ ಹಾಲು ಕಟ್ಟಿತ್ತು. ಮನೆಯಲ್ಲಿ ಮಗು ಬಾಟಲಿಯ ರಬ್ಬರನ್ನು ಉಗುಳಿ ಅಳುತ್ತಿತ್ತು. ಇಬ್ಬರ ನಡುವೆ ಒಂದು ಡಾಂಬರು ರಸ್ತೆ, ಒಂದು ಜೈಲು, ಹದಿನೈದು ಸಾವಿರ ಡಾಲರ್.

ಶನಿವಾರ ಕೌಂಟಿ ಜೈಲಿಗೆ, ಅಂದರೆ ಜಿಲ್ಲಾ ಜೈಲಿಗೆ, ಲೂರೀನ್ ಟೋಲಿವರ್ ಹೋದಾಗ ಗಾಜಿನ ಆಚೆ ಲಟ್ರೀಸ್ ಎದೆಗೆ ಕೈಕಟ್ಟಿ ಕೂತಿದ್ದಳು. ಚಳಿಗೆ ಹಾಗೆ ಕೂತಿರಬೇಕು ಎಂದುಕೊಂಡಳು ಲೂರೀನ್. ಫೋನು ಎತ್ತಲು ಮಗಳು ಕೈ ಬಿಡಿಸಿದಾಗ ಕಿತ್ತಳೆ ಬಣ್ಣದ ಅಂಗಿಯ ಮೇಲೆ ಎರಡು ಒದ್ದೆ ಕಲೆ ಕಂಡವು.

"ಹಾಲು ತೆಗೆಯೋ ಪಂಪ್ ಕೇಳ್ದ್ಯಾ?"

"ಕೇಳ್ದೆ. ಸಿಂಕಿಗೆ ಹಿಂಡ್ಕೋ ಹೋಗು ಅಂದ್ಳು ಗಾರ್ಡು. ಹಸು ಥರ."

"ಹಿಂಡ್ಕೊಂಡ್ಯಾ?"

"ಎಲ್ರೂ ನೋಡ್ತಿರ್ತಾರಮ್ಮ. ಆದ್ರೂ ಹಿಂಡ್ದೆ. ಬಲಗಡೇದು ಬಂತು. ಎಡಗಡೇದು ಬರ್ತಾನೇ ಇಲ್ಲ. ಕಲ್ಲಾಗೋಗಿದೆ. ಅಮರೀ ಕುಡೀತಾನಾ ಏನಾದ್ರೂ?"

"ಕುಡೀತಾನೆ," ಎಂದು ಲೂರೀನ್ ಸುಳ್ಳು ಹೇಳಿದಳು.

ಗುರುವಾರ ಬೆಳಿಗ್ಗೆ ಲಟ್ರೀಸ್ ಕೆಲಸಕ್ಕೆ ಹೊರಟಿದ್ದಳು. ಅವಳು ವೃದ್ಧಾಶ್ರಮದಲ್ಲಿ ಆಯಾ. ಕಾರಿನ ಹಿಂದಿನ ದೀಪ ಒಂದು ಒಡೆದಿತ್ತು. ಪೊಲೀಸಿನವನು ನಿಲ್ಲಿಸಿದ. ಹಳೆಯ ದಂಡವೊಂದು ಕಟ್ಟದೆ ಉಳಿದು ಲೈಸೆನ್ಸ್ ರದ್ದಾಗಿತ್ತು. ಆ ನೋಟಿಸು ಅವಳು ಬಿಟ್ಟುಬಂದ ಬಾಡಿಗೆ ಮನೆಗೆ ಹೋಗಿತ್ತು. ಇಳಿ ಎಂದ. ಇಳಿಯುವಾಗ ಹಾಲಿನ ಪಂಪ್ ಇದ್ದ ಚೀಲಕ್ಕೆ ಕೈ ಹಾಕಿದಳು. ಅವನು ಮಣಿಕಟ್ಟು ಹಿಡಿದು ಎಳೆದ. ಅವಳು ಹಿಂದಕ್ಕೆ ಎಳೆದುಕೊಂಡಳು. ಮೊಣಕೈ ಅವನ ಎದೆಗೆ ತಗುಲಿತು. ಕಾಗದದಲ್ಲಿ ಅದು ಅಧಿಕಾರಿಯ ಮೇಲೆ ಹಲ್ಲೆ ಎಂದಾಯಿತು. ಮರುದಿನ ನ್ಯಾಯಾಧೀಶರು ಟೀವಿ ಪರದೆಯಲ್ಲಿ ಅವಳನ್ನು ನೋಡಿದರು. ಒಂದು ನಿಮಿಷವೂ ಹಿಡಿಯಲಿಲ್ಲ. ಜಾಮೀನು ಹದಿನೈದು ಸಾವಿರ. ಮುಂದಿನವನು ಬಾ.

"ಸರ್ಕಾರದ ವಕೀಲ ಬಂದಿದ್ದ, ನಮ್ ಪರ ಅಂತೆ," ಎಂದಳು ಲಟ್ರೀಸ್. "ತಪ್ಪಾಯ್ತು ಅಂತ ಒಪ್ಕೋ, ಇವತ್ತೇ ಮನೆಗೆ ಹೋಗು ಅಂದ."

"ಒಪ್ಕೊಂಡ್ರೆ?"

"ಆಯಾ ಸರ್ಟಿಫಿಕೇಟ್ ಕಿತ್ಕೋತಾರೆ. ಮುದುಕರ ಹೇಲು ಬಾಚೋಕೂ ದಾಖಲೆ ಶುದ್ಧ ಇರ್ಬೇಕಮ್ಮ." ಲಟ್ರೀಸ್ ಗಾಜಿಗೆ ಹಣೆ ಒತ್ತಿದಳು. "ನಾನು ಹೊಡೀಲಿಲ್ಲ. ಹೊಡ್ದೆ ಅಂತ ಹೇಳಲ್ಲ."

"ಹೇಳ್ಬೇಡ. ನಾನು ಕೇಗಲ್ ಹತ್ರ ಹೋಗ್ತೀನಿ."

ಕೇಗಲ್‌ನ ಕಚೇರಿ ಜೈಲಿನ ಎದುರಿಗೇ ಇತ್ತು. ಕೌಂಟಿಯಲ್ಲಿ ಜಾಮೀನು ಬರೆಯುವವರು ಇಬ್ಬರು. ಒಬ್ಬ ಡ್ವೈಟ್ ಕೇಗಲ್. ಇನ್ನೊಬ್ಬ ಅವನ ಭಾವಮೈದ. ಬಾಗಿಲ ಮೇಲೆ ಕೆಂಪು ದೀಪದ ಬೋರ್ಡು: ನಿಮ್ಮಮ್ಮ ಕಾಯ್ತಿದ್ದಾರೆ. ಒಳಗೆ ಒಣಗಿಸಿ ಗೋಡೆಗೆ ಹೊಡೆದ ದೊಡ್ಡ ಮೀನು, ಮೇಜಿನ ಮೇಲೆ ಮಿಠಾಯಿ ತುಂಬಿದ ಗಾಜಿನ ಜಾಡಿ. ಕರಿಯರ ಚರ್ಚುಗಳಿಗೆಲ್ಲ ಬೇಸಿಗೆಗೆ ರಟ್ಟಿನ ಬೀಸಣಿಗೆ ಕೊಡುತ್ತಿದ್ದವನು ಅವನೇ. ಬೀಸಣಿಗೆಯ ಒಂದು ಬದಿ ಏಸುವಿನ ಚಿತ್ರ. ಇನ್ನೊಂದು ಬದಿ ಕೇಗಲ್‌ನ ನಗುಮುಖ, ಫೋನ್ ನಂಬರು.

"ಕೂತ್ಕೋ ಲೂರೀನ್."

ಅವಳಿಗೆ ಐವತ್ತೊಂದು. ಅವನಿಗೆ ನಲವತ್ತೂ ಆಗಿರಲಿಲ್ಲ. ಅವನು ಅವಳನ್ನು ಹೆಸರು ಹಿಡಿದು ಕರೆಯುತ್ತಿದ್ದ. ಅವಳು ಅವನನ್ನು ಮಿಸ್ಟರ್ ಕೇಗಲ್ ಎನ್ನುತ್ತಿದ್ದಳು. ಹೀಗೆ ಕರೆಯಬೇಕೆಂದು ಎಲ್ಲೂ ಬರೆದಿರಲಿಲ್ಲ. ಯಾರೂ ಮೀರಿಯೂ ಇರಲಿಲ್ಲ.

"ಪೂರ್ತಿ ಹದಿನೈದು ಸಾವಿರ ನೀನೇ ಕೋರ್ಟಿಗೆ ಕಟ್ಟಿದ್ರೆ, ಕೇಸ್ ಮುಗಿದ್ಮೇಲೆ ಪೂರ್ತಿ ವಾಪಸ್," ಎಂದ ಕೇಗಲ್. "ಇದ್ಯಾ?"

"ಎಲ್ಲಿಂದ ಬರ್ಬೇಕು ಮಿಸ್ಟರ್ ಕೇಗಲ್?"

"ಅದಕ್ಕೇ ನಾನಿರೋದು. ನಂಗೆ ನೂರಕ್ಕೆ ಹತ್ತು ಕೊಡು. ಸಾವಿರದೈನೂರು. ಅವಳು ತಾರೀಕಿಗೆ ಬರ್ತಾಳೆ, ಬರದಿದ್ರೆ ಪೂರ್ತಿ ನಾನು ತೆರ್ತೀನಿ ಅಂತ ಕೋರ್ಟಿಗೆ ಬರ್ಕೊಡ್ತೀನಿ. ಸಂಜೆಗೆ ಮನೇಲಿರ್ತಾಳೆ."

"ಆ ಸಾವಿರದೈನೂರು ಯಾವಾಗ ವಾಪಸ್ ಕೊಡ್ತೀರಿ?"

"ಅದು ನಂದು."

"ಕೇಸ್ ಬಿದ್ದೋದ್ರೆ?"

"ನಂದು."

"ಇವಳು ತಪ್ಪೇ ಮಾಡಿಲ್ಲ ಅಂತ ಜಡ್ಜೇ ಹೇಳಿದ್ರೆ?"

ಕೇಗಲ್ ನಕ್ಕ. ಒಳ್ಳೆಯ ನಗುವೇ. "ಬಾಡಿಗೆ ಕಾರಲ್ಲಿ ಊರೆಲ್ಲ ಸುತ್ತಿ ಬಂದು, ಊರು ಚೆನ್ನಾಗಿರ್ಲಿಲ್ಲ, ದುಡ್ಡು ವಾಪಸ್ ಕೊಡು ಅಂತೀಯಾ? ಮಿಠಾಯಿ ತಗೋ."

ಅವಳು ತೆಗೆದುಕೊಳ್ಳಲಿಲ್ಲ.

"ಇನ್ನೊಂದು," ಎಂದ. "ನಿನ್ನ ಕಡೆಯಿಂದ ಯಾರಾದ್ರೂ ಅವಳಿಗೆ ನಿಲ್ಬೇಕು."

"ನಾನು ನಿಲ್ತೀನಿ."

ತಡವಿಲ್ಲದೆ ಹೇಳಿದಳು. ಹೇಳುತ್ತ ಕುರ್ಚಿಯಿಂದ ಎದ್ದೂ ಬಿಟ್ಟಳು. ಅವಳಿಗೆ ಗೊತ್ತಿದ್ದ ನಿಲ್ಲುವುದು ಅದೇ. ಅವಳ ಚರ್ಚಿನಲ್ಲಿ ದಾರಿ ತಪ್ಪಿದವರು ಮುಂದಿನ ಬೆಂಚಿಗೆ ಬಂದು ತಲೆ ತಗ್ಗಿಸಿ ಕೂತಾಗ ಪಾದ್ರಿ ಕೇಳುತ್ತಾರೆ: ಈ ಜೀವಕ್ಕೆ ಯಾರು ನಿಲ್ತೀರಿ? ಯಾರಾದರೂ ಎದ್ದು ಪಕ್ಕದಲ್ಲಿ ನಿಲ್ಲುತ್ತಾರೆ. ಕುಡುಕರಿಗೆ ನಿಂತಿದ್ದಾರೆ, ಬಸುರಾದ ಹುಡುಗಿಯರಿಗೆ ನಿಂತಿದ್ದಾರೆ. ಬೇರೇನೂ ಕೇಳುವುದಿಲ್ಲ. ನಿಂತರೆ ಆಯಿತು.

ಕೇಗಲ್ ಅವಳನ್ನು ಮೇಲಿಂದ ಕೆಳಗೆ ನೋಡಿದ. "ಬರೀ ನಿಂತ್ರೆ ಸಾಲ್ದು ಲೂರೀನ್. ಪೊಲೀಸಿನವನ ಮೇಲೆ ಕೈ ಮಾಡಿದ ಕೇಸು. ನಿನ್ನ ಹಿಂದೆ ಏನಿದೆ? ನಿಮ್ಮಜ್ಜನ ಜಮೀನು ಇದೆಯಲ್ಲ, ಹಳ್ಳದ ಪಕ್ಕ?"

ಇತ್ತು. ಹನ್ನೊಂದು ಎಕರೆ. ಅಜ್ಜ ಉಯಿಲು ಬರೆಯದೆ ಸತ್ತಿದ್ದ. ಅವನ ಕಾಲದಲ್ಲಿ ಕರಿಯನೊಬ್ಬ ಜಮೀನಿನ ಕಾಗದ ಹಿಡಿದು ಕೋರ್ಟಿನ ಮೆಟ್ಟಿಲು ಹತ್ತಿದರೆ ಕಾಗದವೂ ಇಳಿದು ಬರುತ್ತಿರಲಿಲ್ಲ, ಜಮೀನೂ ಬರುತ್ತಿರಲಿಲ್ಲ. ಹಾಗಾಗಿ ಅದು ಎಲ್ಲ ಮಕ್ಕಳು ಮೊಮ್ಮಕ್ಕಳ ಪಾಲಿನ ನೆಲ. ಎಲ್ಲರದ್ದೂ ಹೌದು, ಒಬ್ಬರದ್ದೂ ಅಲ್ಲ. ಅದರ ಮೇಲೆ ಒಂದು ಹಳೆಯ ಮನೆ, ನಾಲ್ಕು ತಗಡಿನ ಟ್ರೇಲರ್ ಮನೆ, ಕೊನೆಯಲ್ಲಿ ಗೋರಿಗಳು.

"ಅದು ನನ್ನದೊಬ್ಬಳದಲ್ಲ," ಎಂದಳು ಲೂರೀನ್.

"ನಿನ್ನ ಪಾಲಿಗೆ ಸಹಿ ಹಾಕು. ಸಾಕು."

ಸಾಕು ಎಂಬ ಮಾತು ಅವಳಿಗೆ ಗೊತ್ತಿತ್ತು. ಹಳ್ಳದ ಆಚೆ ಮೋಝೆಲ್ ಚಿಕ್ಕಮ್ಮನ ಕಡೆಯ ನೆಲವೂ ಹೀಗೇ ಇತ್ತು. ಡೆಟ್ರಾಯಿಟ್‌ನಲ್ಲಿದ್ದ ಒಬ್ಬ ದಾಯಾದಿ ತನ್ನ ಪಾಲನ್ನು ಯಾರಿಗೋ ಮಾರಿದ. ಕೊಂಡವನು ಕೋರ್ಟಿಗೆ ಹೋಗಿ, ಪಾಲು ಬೇರೆ ಮಾಡಲಾಗುವುದಿಲ್ಲ, ಪೂರ್ತಿ ಹರಾಜು ಹಾಕಿ ಎಂದ. ಹಾಕಿದರು. ಅವನೇ ಕೂಗಿದ, ಅವನೇ ಕೊಂಡ. ಈಗ ಅಲ್ಲಿ ಕಾಗದದ ಕಾರ್ಖಾನೆಗೆ ಬೆಳೆಸಿದ ಪೈನ್ ಮರಗಳು. ಚಿಕ್ಕಮ್ಮನ ಗೋರಿಗೆ ಹೂವಿಡಬೇಕಾದರೆ ಬೇಲಿ ಹಾರಬೇಕು.

"ನೆಲ ಇಲ್ಲ," ಎಂದಳು.

"ಹಾಗಾದ್ರೆ ಮಗಳೂ ಇಲ್ಲ," ಎಂದ ಕೇಗಲ್, ಮೊದಲಿನಷ್ಟೇ ಸೌಮ್ಯವಾಗಿ. "ಯೋಚ್ನೆ ಮಾಡು. ನಿಮ್ಮೋರು ತುಂಬ ಜನ ಇದ್ದೀರಲ್ಲ. ನಾಲ್ಕೈದು ಜನ ಸೇರಿ ನಿಂತ್ರೂ ನಡೆಯುತ್ತೆ."

ಭಾನುವಾರ ಲೂರೀನ್ ಮಗುವನ್ನು ಎತ್ತಿಕೊಂಡು ಚರ್ಚಿಗೆ ಹೋದಳು. ಪಾದ್ರಿ ಕೇಳುವ ಮೊದಲೇ ಎದ್ದಳು. "ನನ್ನ ಮಗಳಿಗೆ ಯಾರು ನಿಲ್ತೀರಿ?" ಎಂದಳು. ಮಗು ಅವಳ ಅಂಗಿಯ ಗುಂಡಿಯನ್ನು ಚೀಪುತ್ತಿತ್ತು.

ಬಿಳಿ ಬಟ್ಟೆಯ ಹಿರಿಯ ಹೆಂಗಸರು ಸಾಲಾಗಿ ಎದ್ದರು. ಎಲ್ಲರಿಗಿಂತ ಹಿರಿಯಳಾದ ಮದರ್ ವಿಲೋಡೀನ್ ಕೋಲೂರಿ ಎದ್ದಳು. ಕಾಣಿಕೆಯ ಬಟ್ಟಲು ಎರಡು ಸುತ್ತು ಬಂತು. ಲೂರೀನ್ ಕಾಫಿ ಡಬ್ಬದಲ್ಲಿ ಕೂಡಿಟ್ಟಿದ್ದರ ಜೊತೆ ಸೇರಿಸಿದರೆ ಕೇಗಲ್‌ನ ಫೀಸು ಆಗುತ್ತಿತ್ತು. ಸೆಖೆಗೆ ಎಲ್ಲರೂ ಅವನ ಮುಖದಲ್ಲೇ ಗಾಳಿ ಹಾಕಿಕೊಂಡರು.

ಸೋಮವಾರ ಅವರು ಆರು ಜನ ಅದೇ ಬಿಳಿ ಬಟ್ಟೆ ತೊಟ್ಟು ಬಂದರು. ಬಿಳಿ ಟೋಪಿ, ಬಿಳಿ ಕೈಗವಸು. ಪೂಜೆಗೆ ಬಂದವರ ಹಾಗೆ ಕೇಗಲ್‌ನ ಕಚೇರಿಯಲ್ಲಿ ಗೋಡೆಯುದ್ದಕ್ಕೂ ನಿಂತರು.

"ನಿಲ್ಲೋಕೆ ಬಂದಿದ್ದೀವಿ," ಎಂದಳು ಮದರ್ ವಿಲೋಡೀನ್. "ಎಷ್ಟೊತ್ತು ನಿಲ್ಬೇಕಪ್ಪಾ? ನನ್ನ ಮಂಡಿ ಸರಿಯಿಲ್ಲ."

ಕೇಗಲ್ ಎದ್ದು ಅವಳಿಗೆ ಕುರ್ಚಿ ಎಳೆದುಕೊಟ್ಟ. ಲೂರೀನ್ ಕೊಟ್ಟ ಲಕೋಟೆಯನ್ನು ಎಣಿಸಿ ಪಕ್ಕಕ್ಕಿಟ್ಟ. ಆಮೇಲೆ ಹೆಂಗಸರ ಮುಖಗಳನ್ನು ಒಂದೊಂದಾಗಿ ನೋಡಿದ.

"ಎಲ್ಲ ಟೋಲಿವರ್ ಮನೆಯವ್ರೇನಾ?"

"ಹುಟ್ಟಿನಿಂದ ಕೆಲವ್ರು, ಗಂಡನಿಂದ ಕೆಲವ್ರು," ಎಂದಳು ಮದರ್ ವಿಲೋಡೀನ್. "ನಾನು ಹುಟ್ಟಿನಿಂದ. ಗಂಡನಿಂದ ನಂಗೆ ಬಂದಿದ್ದು ಈ ಮಂಡಿನೋವೊಂದೇ."

ಹೆಂಗಸರು ನಕ್ಕರು. ಕೇಗಲ್ ಕೂಡ ನಕ್ಕ. ನಗುತ್ತಲೇ ಖಾನೆ ಎಳೆದು ಕಾಗದ ತೆಗೆದ. ಒಂದಲ್ಲ. ಅಲ್ಲಿದ್ದ ಹೆಂಗಸರಷ್ಟು. ಪ್ರತಿ ಕಾಗದದ ಮೇಲೆ ಒಂದು ಪೆನ್ನಿಟ್ಟ. ಪೆನ್ನಿನ ಮೇಲೂ ಅವನ ಹೆಸರು.

"ತಲಾ ಒಂದು ಸಹಿ. ನಿಮ್ಮ ನಿಮ್ಮ ಪಾಲಿಗೆ. ಹುಡುಗಿ ತಾರೀಕಿಗೆ ಬಂದ್ರೆ ಈ ಕಾಗದಕ್ಕೆ ಬೆಲೆಯೇ ಇಲ್ಲ."

ಲೂರೀನ್ ಕಾಗದದ ಸಾಲು ನೋಡಿದಳು. ಶನಿವಾರ ಅವನು ಅವಳೊಬ್ಬಳ ಪಾಲು ಕೇಳಿದ್ದ. ತಾನೇ ಎದ್ದು ನಿಂತು ಕರೆದು, ಇಡೀ ಹನ್ನೊಂದು ಎಕರೆಯನ್ನು ಬಿಳಿ ಬಟ್ಟೆ ಉಡಿಸಿ ಅವನ ಮುಂದೆ ತಂದು ನಿಲ್ಲಿಸಿದ್ದಳು. ಮದರ್ ವಿಲೋಡೀನ್ ಆಗಲೇ ಕೈಗವಸು ಕಳಚಿ ಪೆನ್ನು ಹಿಡಿದಿದ್ದಳು.

"ಮಿಸ್ಟರ್ ಕೇಗಲ್, ತಾರೀಕಿನ ದಿನ ನಮ್ಮ ಕಾರು ಕೆಟ್ರೆ?"

"ಕೆಡಬಾರ್ದು."

"ಪ್ರತಿ ವಾರ ನಿಮ್ಮ ಕಚೇರಿಗೆ ಬಂದು ಮುಖ ತೋರಿಸ್ಬೇಕು ಅಂತ ಇದರಲ್ಲಿ ಬರ್ದಿದೆ. ಒಂದು ವಾರ ಅವಳಿಗೆ ಕೆಲಸ ಬಿಡ್ಲಿಲ್ಲ ಅಂದ್ರೆ?"

"ನಾನು ಹೊಣೆ ಬಿಟ್ಟುಬಿಡಬಹುದು. ಅವಳನ್ನ ವಾಪಸ್ ಒಳಗೆ ಹಾಕಿಸ್ತೀನಿ. ಅದು ಕಾನೂನು, ನಾನು ಮಾಡಿದ್ದಲ್ಲ."

"ಫೀಸು?"

"ಅದನ್ನ ಹೇಳ್ದೆನಲ್ಲ."

ಲೂರೀನ್ ಮದರ್ ವಿಲೋಡೀನ್ ಕೈ ಮೇಲೆ ಕೈಯಿಟ್ಟಳು. ಇಪ್ಪತ್ತು ವರ್ಷ ಕೋಳಿ ಮಾಂಸದ ಪ್ಲಾಂಟಿನಲ್ಲಿ ಮೂಳೆ ಬಿಡಿಸಿದ ಕೈ ಲೂರೀನ್‌ಳದು. ಬೆರಳು ಪೂರ್ತಿ ಮುಚ್ಚುತ್ತಿರಲಿಲ್ಲ, ಪೂರ್ತಿ ಬಿಚ್ಚುತ್ತಲೂ ಇರಲಿಲ್ಲ.

"ಹಾಕ್ಬೇಡಿ ಮದರ್. ಯಾರೂ ಹಾಕ್ಬೇಡಿ."

"ಹುಡುಗಿ ಜೈಲೊಳಗಿದೆ ಕಣೇ ಲೂರೀನ್."

"ಗೊತ್ತು."

"ನಿನ್ನ ಹೊಟ್ಟೇಲಿ ಹುಟ್ಟಿದ್ದು."

"ಗೊತ್ತು ಮದರ್. ಅವಳನ್ನ ಬಿಡಿಸಿ ಎಲ್ಲಿಗೆ ಕರ್ಕೊಂಡು ಹೋಗ್ಲಿ? ಪೈನ್ ತೋಪಿಗಾ?"

ಮದರ್ ವಿಲೋಡೀನ್ ಪೆನ್ನನ್ನು ಕಾಗದದ ಮೇಲಿಟ್ಟು ಕೈಗವಸು ಹಾಕಿಕೊಂಡಳು. ಒಂದೊಂದು ಬೆರಳಾಗಿ.

ಲೂರೀನ್ ಕೈ ಚಾಚಿ ಲಕೋಟೆ ವಾಪಸ್ ತೆಗೆದುಕೊಂಡಳು. "ಡ್ವೈಟ್," ಎಂದಳು. "ನಿನ್ನ ಪೆನ್ನು ಎತ್ತಿಟ್ಕೋ."

ಕೇಗಲ್‌ನ ಕಿವಿ ಕೆಂಪಾಯಿತು. "ನನ್ನ ಹಾಗೆ ಕರೆಯೋಳು ನನ್ನ ಹೆಂಡ್ತಿ ಒಬ್ಬಳೇ."

"ಹಂಗಾದ್ರೆ ಅವಳ ಪಾಲಿಗೆ ಸಹಿ ಹಾಕಿಸ್ಕೋ."

ಆರು ಬಿಳಿ ಟೋಪಿಗಳು ಅವನ ಬಾಗಿಲು ದಾಟಿ ಬಿಸಿಲಿಗೆ ಬಂದವು. ಲೂರೀನ್ ರಸ್ತೆಯಂಚಿಗೆ ಬಂದು ನಿಂತಳು. ಎದುರಿಗೆ ಜೈಲು. ಎರಡನೇ ಮಹಡಿಯ ಕಿಟಕಿಗಳು ಕೈಯಗಲ. ಯಾವುದರ ಹಿಂದೆ ಮಗಳಿದ್ದಾಳೋ ಗೊತ್ತಿರಲಿಲ್ಲ. ತಾನು ಈಗ ಏನು ಮಾಡಿದೆ ಎಂಬುದು ಮಾತ್ರ ಗೊತ್ತಿತ್ತು.

ಆ ವಾರ ಅವಳು ಮಗುವನ್ನು ಮದರ್ ವಿಲೋಡೀನ್ ಬಳಿ ಬಿಟ್ಟು ಕೆಲಸಕ್ಕೆ ಹೋದಳು. ಪ್ಲಾಂಟಿನಲ್ಲಿ ನೆಲವೆಲ್ಲ ನೀರು, ಕೊಬ್ಬು, ಐಸು. ತಲೆ ಇಲ್ಲದ ಕೋಳಿಗಳು ಕೊಂಡಿಗೆ ನೇತುಬಿದ್ದು ಬರುತ್ತವೆ. ಕತ್ತರಿ ಹಾಕು, ಭುಜ ಸೀಳು, ಎದೆ ಬಿಡಿಸು. ಮುಂದಿನದು. ಸಾಲು ನಿಲ್ಲುವುದಿಲ್ಲ, ಆದ್ದರಿಂದ ಹೆಂಗಸರು ನಿಂತೇ ಇರಬೇಕು. ಶೌಚಕ್ಕೆ ಬಿಡುವುದಿಲ್ಲವೆಂದು ಕೆಲವರು ಮುದುಕರ ಡೈಪರ್ ಕಟ್ಟಿಕೊಂಡು ಬರುತ್ತಿದ್ದರು. ಪ್ರತಿ ಎದೆಗೆ ಕತ್ತರಿ ಹಾಕುವಾಗ ಲೂರೀನ್ ಹಲ್ಲು ಕಚ್ಚಿದಳು.

"ಲಟ್ರೀಸ್‌ಗೆ ಜ್ವರ ಬಂದಿದ್ಯಂತೆ," ಎಂದಳು, ಪಕ್ಕದಲ್ಲಿ ನಿಲ್ಲುವ ಕ್ಲಾರಿಸ್‌ಗೆ. "ಜೈಲಿನ ನರ್ಸ್ ಆಸ್ಪಿರಿನ್ ಕೊಟ್ಳಂತೆ."

"ಕಾಯಿಲೆ ಜೋರಾದ್ರೆ ಬಿಡ್ತಾರೆ ಕಣೇ," ಎಂದಳು ಕ್ಲಾರಿಸ್, ಕತ್ತರಿ ನಿಲ್ಲಿಸದೆ. "ನನ್ನ ತಮ್ಮನ್ನ ಬಿಟ್ರಲ್ಲ. ಒಳಗೆ ಹಾರ್ಟ್ ಅಟ್ಯಾಕ್ ಆಯ್ತು. ಆಸ್ಪತ್ರೆ ಬಾಗ್ಲಲ್ಲಿ ಸ್ಟ್ರೆಚರ್ ಮೇಲೆ ಸಹಿ ಹಾಕಿಸ್ಕೊಂಡು ಬಿಟ್ರು. ಜಾಮೀನೂ ಇಲ್ಲ, ಏನೂ ಇಲ್ಲ."

"ಒಳ್ಳೇದಾಯ್ತಲ್ಲ."

"ಏನು ಒಳ್ಳೇದು? ಕೈದಿ ಆದ್ರೆ ಆಸ್ಪತ್ರೆ ಖರ್ಚು ಕೌಂಟಿದು. ಸಹಿ ಹಾಕಿದ ಗಳಿಗೆಯಿಂದ ಅವನದು. ಅವನು ಸತ್ತ, ಬಿಲ್ಲು ಇನ್ನೂ ಬದುಕಿದೆ. ನಮ್ಮಮ್ಮನ ಮನೆಗೆ ಬರ್ತಾನೇ ಇದೆ."

ಶುಕ್ರವಾರ ಮಧ್ಯಾಹ್ನ ಸೂಪರ್‌ವೈಸರ್ ಬಂದು, ಮನೆಯಿಂದ ಬೆಳಿಗ್ಗೆ ಫೋನು ಬಂದಿತ್ತು ಎಂದ. ಬಿಡುವಿನ ಹೊತ್ತಿಗೆ ಹೇಳೋಣ ಅಂತಿದ್ದೆ ಎಂದ. ಲಟ್ರೀಸ್ ಜೈಲಿನ ಸ್ನಾನದ ಕೋಣೆಯಲ್ಲಿ ಬಿದ್ದಿದ್ದಳು. ಆಸ್ಪತ್ರೆಗೆ ಒಯ್ದಿದ್ದರು.

ಲೂರೀನ್ ಕತ್ತರಿ ಕೆಳಗಿಟ್ಟಳು.

"ಸಾಲು ಬಿಟ್ಟು ಹೋದ್ರೆ ಗೈರುಹಾಜರಿ ಲೆಕ್ಕಕ್ಕೆ ಹಾಕ್ಬೇಕಾಗುತ್ತೆ ಲೂರೀನ್. ಈಗಾಗ್ಲೇ ನಿಂದು ತುಂಬಿದೆ, ಕೆಲ್ಸ ಹೋಗುತ್ತೆ."

"ಹಾಕ್ಕೋ," ಎಂದಳು. ರಬ್ಬರ್ ಏಪ್ರನ್ನಿನಲ್ಲೇ ಹೊರಟಳು.

ಆಸ್ಪತ್ರೆಯ ತುರ್ತು ಕೋಣೆಯಲ್ಲಿ ಲಟ್ರೀಸ್‌ಳ ಒಂದು ಕಾಲು ಸರಪಳಿಯಿಂದ ಮಂಚಕ್ಕೆ ಬಿಗಿದಿತ್ತು. ಮುಖ ಬೂದಿಯಂತಾಗಿತ್ತು. ಎಡ ಎದೆ ಹೊದಿಕೆಯ ಮೇಲಿಂದಲೇ ಊದಿಕೊಂಡಿರುವುದು ಕಾಣುತ್ತಿತ್ತು. ಕೀವು ತುಂಬಿದೆ, ಕೊಯ್ಯಬೇಕು, ವಿಷ ರಕ್ತಕ್ಕೆ ಹತ್ತುತ್ತಿದೆ ಎಂದು ನರ್ಸ್ ಹೇಳಿದಳು. ಆ ಕಡೆ ಇನ್ನು ಹಾಲು ಬರಲಿಕ್ಕಿಲ್ಲ ಎಂದೂ ಹೇಳಿದಳು. ಡಾಕ್ಟರು ಕೈ ತೊಳೆಯುತ್ತಿದ್ದಾರೆ ಎಂದಳು.

ಆಗ ಜೈಲಿನ ಡೆಪ್ಯುಟಿ, ಕೌಂಟಿಯ ಪೊಲೀಸಿನವನು, ಒಳಗೆ ಬಂದ. ಕೈಯಲ್ಲಿ ರಟ್ಟಿಗೆ ಸಿಕ್ಕಿಸಿದ ಒಂದು ಕಾಗದ. ಬಗ್ಗಿ ಸರಪಳಿಯ ಬೀಗ ತೆಗೆದ. ಕೋಳ ಹಾಸಿಗೆಯ ಮೇಲೆ ಬಿತ್ತು.

"ಶುಭ ಸುದ್ದಿ ಕಣಮ್ಮ," ಎಂದ. "ಜಡ್ಜ್ ಬಿಡುಗಡೆ ಕೊಟ್ಟಿದ್ದಾರೆ. ನಿನ್ನ ಮಾತಿನ ಮೇಲೇ. ತಾರೀಕಿಗೆ ಬರ್ತೀನಿ ಅಂತ ಸಹಿ ಹಾಕು, ಮುಗೀತು. ಒಂದು ಸೆಂಟೂ ಕಟ್ಟೋ ಹಾಗಿಲ್ಲ."

"ಹದಿನೈದು ಸಾವಿರ ಎಲ್ಲಿಗೆ ಹೋಯ್ತು?" ಎಂದು ಕೇಳಿದಳು ಲೂರೀನ್.

"ಬೇಡ ಅಂದ್ರಲ್ಲ."

"ಒಂದು ವಾರದಿಂದ ಬೇಕಿತ್ತು. ಇವತ್ತು ಯಾಕೆ ಬೇಡ?"

ಡೆಪ್ಯುಟಿ ಗೋಡೆಯ ಗಡಿಯಾರ ನೋಡಿದ. "ನಂಗೇನು ಗೊತ್ತು? ಡಾಕ್ಟರ್ ಬರೋದ್ರೊಳಗೆ ಹಾಕ್ಬಿಡ್ಲಿ."

ಅವನ ಬಾಯಿಂದಲೇ ಬಂತು. ಡಾಕ್ಟರ್ ಬರುವುದರೊಳಗೆ. ಲೂರೀನ್ ಮಗಳ ಕಿವಿಗೆ ಬಗ್ಗಿ ಕ್ಲಾರಿಸ್‌ಳ ತಮ್ಮನ ವಿಷಯ ಹೇಳಿದಳು. ನಾಲ್ಕು ಮಾತು. ಲಟ್ರೀಸ್ ಕಣ್ಣು ಮುಚ್ಚಿಕೊಂಡೇ ಕೇಳಿದಳು. ಬಿಲ್ಲಿಗೆ ಕೊಡಲು ಅವರ ಬಳಿ ಒಂದೇ ಇತ್ತು. ಹಳ್ಳದ ಪಕ್ಕದ ನೆಲ. ಕೇಗಲ್ ಕೈಗೆ ಸಿಗದ್ದು ಆಸ್ಪತ್ರೆಯ ವಕೀಲನಿಗೆ ಸಿಗುತ್ತಿತ್ತು.

ಡೆಪ್ಯುಟಿ ಪೆನ್ನನ್ನು ಲಟ್ರೀಸ್‌ಳ ಬೆರಳ ನಡುವೆ ಇಟ್ಟ. ಅವಳು ಹಿಡಿಯಲಿಲ್ಲ. ಪೆನ್ನು ನೆಲಕ್ಕೆ ಬಿತ್ತು.

"ಆಮೇಲೆ ಹಾಕ್ತೀನಿ," ಎಂದಳು. ನಾಲಿಗೆ ಒಣಗಿತ್ತು. "ಕೊಯ್ದು, ತೊಳ್ದು, ಹೊಲ್ದ ಮೇಲೆ."

"ಈಗ ಹಾಕದಿದ್ರೆ ನೀನು ಇನ್ನೂ ಕೈದಿ. ಅರ್ಥ ಆಗ್ತಿದ್ಯಾ?"

"ಹೂಂ. ನಿಮ್ಮ ಕೈದಿ."

"ಹೇಳಮ್ಮ ನಿನ್ನ ಮಗಳಿಗೆ," ಎಂದು ಅವನು ಲೂರೀನ್ ಕಡೆ ತಿರುಗಿದ. "ಜ್ವರದಲ್ಲಿ ಏನೇನೋ ಮಾತಾಡ್ತಿದ್ದಾಳೆ. ಬಾಗ್ಲು ತೆರೆದಿದೆ, ಬರಲ್ಲ ಅಂತಾಳೆ. ಎಂಥ ತಾಯಿ ನೀನು?"

ಲೂರೀನ್ ಹಾಸಿಗೆಯ ಮೇಲೆ ಬಿದ್ದಿದ್ದ ಕೋಳ ಎತ್ತಿಕೊಂಡಳು. ಪ್ಲಾಂಟಿನ ಐಸಿನಷ್ಟೇ ತಣ್ಣಗಿತ್ತು. ಮಗಳ ಕಾಲಿಗೆ ಸುತ್ತಿದಳು. ಈ ಕಾಲಿಗೆ ಅವಳು ಮೊದಲ ಚಪ್ಪಲಿ ತೊಡಿಸಿದ್ದಳು. ಮಣಿಯದ ಬೆರಳುಗಳಿಂದ ಎರಡು ತುದಿಗಳನ್ನು ಕೂಡಿಸಲು ಹೋದಳು. ಜಾರಿತು. ಮತ್ತೆ ಕೂಡಿಸಿದಳು. ಅಂಗೈಯ ಬುಡದಿಂದ ಒತ್ತಿದಳು. ಟಕ್ ಎಂದಿತು.

ಲಟ್ರೀಸ್ ಕಣ್ಣು ಬಿಡಲಿಲ್ಲ. ಕಾಲನ್ನು ಸ್ವಲ್ಪ ಅಲ್ಲಾಡಿಸಿ ನೋಡಿದಳು. ಸರಪಳಿ ಸದ್ದು ಮಾಡಿತು.

"ಬಿಗಿಯಾಯ್ತಾ?" ಎಂದಳು ಲೂರೀನ್.

"ಇಲ್ಲಮ್ಮ."

ಡಾಕ್ಟರು ಒಳಗೆ ಬಂದರು. ಹಿಂದೆ ಬಿಲ್ಲಿನ ಕಚೇರಿಯ ಹುಡುಗಿ, ಎದೆಗವುಚಿದ ಪುಸ್ತಕದೊಂದಿಗೆ. ನರ್ಸ್ ಕುರ್ಚಿಯೊಂದನ್ನು ಲೂರೀನ್ ಕಡೆ ತಳ್ಳಿದಳು. ಲೂರೀನ್ ಕೂರಲಿಲ್ಲ. ಮಂಚದ ತಲೆಯ ಬಳಿ ಏಪ್ರನ್ ತೊಟ್ಟು ನಿಂತೇ ಇದ್ದಳು.

"ಈಕೆಯ ಹೊಣೆ ಯಾರದು?" ಎಂದು ಕೇಳಿದಳು ಹುಡುಗಿ.

ಹುಡುಗಿ ಲೂರೀನ್ ಮುಖ ನೋಡಿದಳು. ಲೂರೀನ್ ಡೆಪ್ಯುಟಿಯ ಮುಖ ನೋಡಿದಳು. ಡೆಪ್ಯುಟಿ ಕೋಳ ನೋಡಿದ. ಸಹಿಯಿಲ್ಲದ ಕಾಗದವನ್ನು ಮಡಚಿದ.

"ಕೌಂಟಿದು," ಎಂದ, ಗಂಟಲೊಳಗೇ.

"ಜೋರಾಗಿ ಹೇಳು," ಎಂದಳು ಲೂರೀನ್. "ಬರ್ಕೊಳ್ಳೋಳಿಗೆ ಕೇಳಿಸ್ಲಿ."